ಸಿಪ್ಪೆಯ ಸಕ್ಕರೆಗೆ ಎಷ್ಟು ಬೆಲೆ?

ಮಾವಿನ ತಿರುಳು ತೆಗೆಯುವ ಕಾರ್ಖಾನೆಯಲ್ಲಿ ಹಣ್ಣಿನ ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಿಪ್ಪೆ, ಗೊರಟು, ನಾರಾಗಿ ಉಳಿದುಬಿಡುತ್ತದೆ. ಚಿತ್ತೂರು, ಕೃಷ್ಣಗಿರಿ, ಶ್ರೀನಿವಾಸಪುರದ ಸೀಮೆಯಲ್ಲಿ ತೋತಾಪುರಿ ಸುಗ್ಗಿ ಏರಿದಾಗ ಈ ರಾಶಿ ಒಂದೆರಡು ದಿನದಲ್ಲೇ ಹುಳಿನಾತ ಹೊಡೆಯುತ್ತದೆ. ಸಿಪ್ಪೆಯಲ್ಲಿ ಸಕ್ಕರೆ ಉಳಿದಿದೆ, ಸೂಕ್ಷ್ಮಜೀವಿಗಳು ಅದನ್ನು ಆಗಲೇ ತಿನ್ನುತ್ತಿವೆ ಎಂಬುದಕ್ಕೆ ಆ ನಾತವೇ ಸಾಕ್ಷಿ. ನಮಗೆ ಬೇಕಾದ ಬ್ಯಾಕ್ಟೀರಿಯಾವನ್ನೇ ಆರಿಸಿ ಬಿಟ್ಟರೆ ಅದೇ ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲ, ಸಕ್ಸಿನಿಕ್ ಆಮ್ಲ, ಬ್ಯುಟನಾಲ್ ಪಡೆಯಬಹುದು. ಕಸದಿಂದ ರಸ ಎಂಬ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ಆದರೆ ಈ ಕೆಲಸದಲ್ಲಿ ಬ್ಯಾಕ್ಟೀರಿಯಾ ತಕರಾರೇ ಇಲ್ಲದ ಆಳು. ಅದು ಮಾಡಿಟ್ಟದ್ದನ್ನು ನೀರಿನಿಂದ ಬೇರ್ಪಡಿಸುವಾಗಲೇ ಹಣ ಕರಗುವುದು.

ಲ್ಯಾಕ್ಟಿಕ್ ಆಮ್ಲವನ್ನೇ ನೋಡಿ. ಮೊಸರಿಗೆ ಹುಳಿ ಕೊಡುವ ಈ ಆಮ್ಲದಿಂದ ಮಣ್ಣಾಗಬಲ್ಲ ಪ್ಲಾಸ್ಟಿಕ್ ತಯಾರಾಗುತ್ತದೆ, ಬೇಡಿಕೆಯೂ ಇದೆ. ಆದರೆ ಹುಳಿ ಹೆಚ್ಚಿದಂತೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾವೇ ಸೋತು ಕೂರುತ್ತದೆ. ಹುಳಿ ತಗ್ಗಿಸಲು ಸುಣ್ಣ ಬೆರೆಸಬೇಕು. ಆಗ ಸಿಗುವುದು ಆಮ್ಲವಲ್ಲ, ಅದರ ಕ್ಯಾಲ್ಸಿಯಂ ಲವಣ. ಆ ಲವಣದಿಂದ ಆಮ್ಲವನ್ನು ಬಿಡಿಸಲು ಗಂಧಕಾಮ್ಲ ಹಾಕಬೇಕು. ಈ ಹಳೆಯ ವಿಧಾನದಲ್ಲಿ ಒಂದು ಟನ್ ಆಮ್ಲದ ಬೆನ್ನಿಗೆ ಸುಮಾರು ಒಂದು ಟನ್ ಜಿಪ್ಸಮ್ ಬೀಳುತ್ತದೆ. ಒಂದು ಕಸ ಕಳೆಯಲು ಹೋಗಿ ಇನ್ನೊಂದನ್ನು ಗುಡ್ಡೆ ಹಾಕಿದಂತಾಯಿತು! ಮೇಲಾಗಿ ಸಿಪ್ಪೆಯ ಪೆಕ್ಟಿನ್, ಒಗರು, ಬಣ್ಣಗಳೂ ದ್ರವದಲ್ಲಿ ಸೇರಿಕೊಂಡಿರುತ್ತವೆ. ಪ್ಲಾಸ್ಟಿಕ್‌ಗೆ ಬೇಕಾದ ಶುದ್ಧತೆ ತರಲು ಅವನ್ನೆಲ್ಲ ತೆಗೆಯಬೇಕು. ಕಬ್ಬಿನ ಕಾಕಂಬಿಯೋ ಮೆಕ್ಕೆಜೋಳದ ಪಿಷ್ಟವೋ ವರ್ಷವಿಡೀ ಸಿಗುವಾಗ, ಎರಡು ಮೂರು ತಿಂಗಳ ಸಿಪ್ಪೆಯನ್ನು ನಂಬಿ ದೊಡ್ಡ ಕಾರ್ಖಾನೆ ಕಟ್ಟುವವರು ಯಾರು?

ಹಾಗಾದರೆ ಜೈವಿಕ ಅನಿಲವೇ ಸಾಕಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ: ಅನಿಲ ತಾನಾಗಿ ಮೇಲೇಳುತ್ತದೆ, ಬೇರ್ಪಡಿಸುವ ಗೋಳಿಲ್ಲ. ಆದರೆ ಈ ಗುಣ ಅನಿಲಕ್ಕಷ್ಟೇ ಮೀಸಲಲ್ಲ. ಫಿಲಿಪೀನ್ಸ್‌ನಲ್ಲಿ ಅನಾನಸ್ ರಸದ ಮೇಲೆ ಕೊಮಗಟೈಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆಳೆಸಿ ‘ನಾಟಾ ಡಿ ಪಿನ್ಯಾ’ ಎಂಬ ತಿನಿಸು ಮಾಡುತ್ತಾರೆ. ಅಗಲವಾದ ತಟ್ಟೆಯಲ್ಲಿ ರಸವನ್ನು ಕದಡದೆ ಇಟ್ಟರೆ ಕೆಲವು ದಿನಗಳಲ್ಲಿ ಮೇಲ್ಮೈಯಲ್ಲಿ ದಪ್ಪನೆಯ ಬಿಳಿ ಪದರ ಕಟ್ಟುತ್ತದೆ. ಅದು ಶುದ್ಧವಾದ ಸೆಲ್ಯುಲೋಸ್. ಕೈಯಿಂದಲೇ ಎತ್ತಿ ತೊಳೆಯಬಹುದು. ಗಾಯದ ಪಟ್ಟಿಗೂ ಸ್ಪೀಕರ್‌ಗಳ ಕಂಪನಪಟಲಕ್ಕೂ ಇದೇ ವಸ್ತು ಬಳಕೆಯಾಗಿದೆ. ಅನಾನಸ್ ಸಿಪ್ಪೆ ಹಿಂಡಿದ ರಸದಲ್ಲೂ ಇದು ಬೆಳೆಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬನವಾಸಿಯಂಥ ಅನಾನಸ್ ಸೀಮೆ ಮೊದಲು ಕೈಹಾಕಬೇಕಾದದ್ದು ಇಂಥ ಉತ್ಪನ್ನಕ್ಕೆ.

ದನಗಳ ಬಾಯಿಗೆ ಹೋಗುವ ಸಿಪ್ಪೆಯನ್ನು ಕಸಿಯುವುದು ಸರಿಯೇ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಹಿಂಡಿದ ರಸ ಮಾತ್ರ. ಉಳಿದ ಹಿಪ್ಪೆಯನ್ನು ರಸಮೇವು ಮಾಡಿಟ್ಟರೆ ಸುಗ್ಗಿ ಮುಗಿದ ಮೇಲೂ ಕೊಟ್ಟಿಗೆಗೆ ಒದಗುತ್ತದೆ. ಸೆಲ್ಯುಲೋಸ್ ಮಾರುಕಟ್ಟೆ ಸಣ್ಣದು, ಮಾವಿನ ಇಡೀ ರಾಶಿಯನ್ನು ಅದು ನುಂಗಲಾರದು ಎಂಬ ಆಕ್ಷೇಪ ಮಾತ್ರ ನಿಜಕ್ಕೂ ಗಟ್ಟಿಯಾದದ್ದು. ಮಿಕ್ಕದ್ದು ಸಗಣಿಯ ಜೊತೆ ಅನಿಲದ ತೊಟ್ಟಿಗೇ ಹೋಗಲಿ. ಲ್ಯಾಕ್ಟಿಕ್ ಆಮ್ಲದ ಸರದಿ ಬರುವುದು ಸುಣ್ಣ–ಗಂಧಕಾಮ್ಲದ ಹಂಗಿಲ್ಲದೆ, ಪೊರೆಗಳ ಮೂಲಕ ಅದನ್ನು ಸೋಸುವ ಖರ್ಚು ಇಳಿದಾಗ.