ಯಂತ್ರದ ಮನೆ ಒಕ್ಕಲು

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಗಳಲ್ಲಿ ಹೊಸ ಮನೆ ಕಟ್ಟಿದವರು ಒಳ್ಳೆಯ ದಿನ ನೋಡಿ, ಹಾಲು ಉಕ್ಕಿಸಿ, ಒಕ್ಕಲಾಗುವುದು ಎಲ್ಲರೂ ಬಲ್ಲ ಸಂಗತಿ. ಆಗ ಹಳೆಯ ಮನೆಯ ಗೋಡೆಯನ್ನಾಗಲಿ ಮಾಡನ್ನಾಗಲಿ ಯಾರೂ ಹೊತ್ತೊಯ್ಯುವುದಿಲ್ಲ. ಒಯ್ಯುವುದು ಪಾತ್ರೆಗಳನ್ನು, ಕಾಗದಪತ್ರಗಳನ್ನು, ದೇವರ ದೀಪವನ್ನು. ಯಾವುದು ಮನೆಯದು, ಯಾವುದು ನಮ್ಮದು ಎಂಬ ವಿವೇಕವೇ ಅಲ್ಲಿ ಮುಖ್ಯ. 2024ರ ಮೇ ತಿಂಗಳಲ್ಲಿ ನಮ್ಮ ಗ್ರಂಥಾಲಯದ ಸರ್ವರನ್ನು ಒಂದು ಕಾರ್ಯಾಚರಣ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸಕ್ಕೆ ಕೈ ಹಚ್ಚಿದಾಗ ಈ ವಿವೇಕದ ಬೆಲೆ ನನಗೆ ತಿಳಿಯಿತು. ನಾನು ಚರಿತ್ರೆಯ ವಿದ್ಯಾರ್ಥಿ. ಕಂಪ್ಯೂಟರನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ತೋರಿದರೆ ವಾಚಕರು ಮನ್ನಿಸಬೇಕು.

ಸರ್ವರ್ ಎಂದರೆ ಇತರ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸುತ್ತ ಹಗಲಿರುಳು ಎಚ್ಚರವಿರುವ ಕಂಪ್ಯೂಟರ್. ನಮ್ಮಲ್ಲಿರುವುದು ಗ್ರಂಥಪಾಲಕರ ಮೇಜಿನ ಹಿಂದಿನ ಒಂದು ಸಾಧಾರಣ ಪೆಟ್ಟಿಗೆ. ಪುಸ್ತಕಗಳ ಪಟ್ಟಿ, ಯಾರು ಯಾವ ಪುಸ್ತಕ ಒಯ್ದಿದ್ದಾರೆಂಬ ಲೆಕ್ಕ, ಹಳೆಯ ವಾರ್ಷಿಕ ಸಂಚಿಕೆಗಳ ಚಿತ್ರಗಳು ಅದರಲ್ಲಿವೆ. ಆ ಪಟ್ಟಿಯನ್ನು ವಿದ್ಯಾರ್ಥಿಗಳೇ ಹಲವು ವರ್ಷ ಕುಳಿತು ಬೆರಳಚ್ಚು ಮಾಡಿದವರು. ಅದು ಕೆಟ್ಟರೆ ಮತ್ತೆ ಬರೆಯುವವರು ಯಾರು?

ಯಂತ್ರಕ್ಕೂ ಪ್ರೋಗ್ರಾಮುಗಳಿಗೂ ನಡುವೆ ನಿಂತು ಆಡಳಿತ ನಡೆಸುವುದೇ ಕಾರ್ಯಾಚರಣ ವ್ಯವಸ್ಥೆ. 1969ರಲ್ಲಿ ಅಮೇರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬುದನ್ನು ಆರಂಭಿಸಿದರು. ಅದರ ಮಾದರಿಯಲ್ಲಿಯೇ, ಆದರೆ ಹೊಸದಾಗಿ ಬರೆದ ತಿರುಳನ್ನು 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಹೊರತಂದನು, ಅದೇ ಲಿನಕ್ಸ್. ಈ ತಿರುಳಿಗೆ ಬೇಕಾದ ಸಲಕರಣೆಗಳನ್ನು ಕೂಡಿಸಿ ಕೊಡುವ ಬಳಗಗಳು ಹಲವು. ಸೆಂಟ್‌ಓಎಸ್ ಅಂಥದೊಂದು, 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇನ್ನೊಂದು. ಒಂದೇ ಅಕ್ಕಿಯಿಂದ ನೀರುದೋಸೆಯೂ ಆಗುತ್ತದೆ, ಪುಂಡಿಯೂ ಆಗುತ್ತದೆ, ಹಾಗೆಯೇ ಇವು.

ನಮ್ಮ ಯಂತ್ರದಲ್ಲಿದ್ದುದು 2014ರಲ್ಲಿ ಬಂದ ಸೆಂಟ್‌ಓಎಸ್ 7. ಅದರ ಪೋಷಣೆ 2024ರ ಜೂನ್ 30ಕ್ಕೆ ಮುಗಿಯುವುದಿತ್ತು. ಮರುದಿನವೇ ಯಂತ್ರವೇನೂ ನಿಲ್ಲದು. ಆದರೆ ಅದರಲ್ಲಿ ಮುಂದೆ ಕಾಣುವ ಕಳ್ಳಗಂಡಿಗಳನ್ನು ಮುಚ್ಚುವವರಿರುವುದಿಲ್ಲ. ಅದೇ ಜಾತಿಯ ಆಲ್ಮಾಲಿನಕ್ಸಿಗೆ ಹೋಗಿದ್ದರೆ ಶ್ರಮ ಕಡಿಮೆಯಾಗುತ್ತಿತ್ತು. ಆದರೂ ಯಾವ ಒಂದು ಕಂಪೆನಿಗೂ ಸೇರದೆ ಸ್ವಯಂಸೇವಕರಿಂದ ನಡೆಯುವ ಡೆಬಿಯನ್ ನಮಗೆ ಹಿಡಿಸಿತು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಲಿನಕ್ಸಿಗೂ ಅದೇ ಅಡಿಪಾಯ. ಪುತ್ತೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ದೊಡ್ಡಪ್ಪನ ಮಗ ದಾರಿ ತೋರಿಸಲು ಒಪ್ಪಿದ.

"ಮೊದಲು ಪಟ್ಟಿ ಬರೆ, ಕೈ ಹಾಕುವುದು ಆಮೇಲೆ," ಎಂದ ಅಣ್ಣ. ಪುಸ್ತಕಗಳ ದತ್ತಾಂಶ, ಚಿತ್ರಗಳು, ನಾವು ತಿದ್ದಿಕೊಂಡ ವಿನ್ಯಾಸದ ಕಡತಗಳು, ರಾತ್ರಿ ತಾವಾಗಿ ನಡೆಯುವ ಕೆಲಸಗಳು: ಇಷ್ಟೇ ನಮ್ಮವು. ಉಳಿದುದೆಲ್ಲ ಗೋಡೆ, ಮಾಡು. ನಮ್ಮವನ್ನು ಎರಡು ಪ್ರತಿ ಮಾಡಿ, ಬೇರೊಂದು ಹಳೆಯ ಕಂಪ್ಯೂಟರಿನಲ್ಲಿ ಡೆಬಿಯನ್ 12ನ್ನು ಸ್ಥಾಪಿಸಿ, ಅಲ್ಲಿ ಪರೀಕ್ಷೆ ಆರಂಭಿಸಿದೆವು. ಮಧ್ಯಾಹ್ನ ಕಳೆದರೆ ಗುಡುಗು ಸಿಡಿಲು, ತಂತಿಗಳನ್ನೆಲ್ಲ ಕಳಚಿಡಬೇಕಾಗುತ್ತಿತ್ತು. ಆದುದರಿಂದ ಕೆಲಸವೆಲ್ಲ ಬೆಳಗ್ಗೆಯೇ.

ಮೊದಲ ತೊಡಕು ಹೆಸರುಗಳದು. ಪ್ರೋಗ್ರಾಮನ್ನು ತರಿಸಿಕೊಳ್ಳಲು ಅಲ್ಲಿ 'ಯಮ್', ಇಲ್ಲಿ 'ಆಪ್ಟ್'. ಇದು ಒಂದೇ ದಿನದಲ್ಲಿ ರೂಢಿಯಾಯಿತು.

ಎರಡನೆಯದು ಅಂಕೆಗಳದು. ಕಡತದ ಒಡೆಯ ಯಾರೆಂಬುದನ್ನು ಯುನಿಕ್ಸ್ ಜಾತಿಯ ವ್ಯವಸ್ಥೆಗಳು ಹೆಸರಿನಿಂದಲ್ಲ, ಅಂಕೆಯಿಂದ ನೆನಪಿಡುತ್ತವೆ. ಹಾಜರಿ ಪುಸ್ತಕದಲ್ಲಿ ನಮ್ಮ ಕ್ರಮಸಂಖ್ಯೆ ಇರುವಂತೆ. ಜಾಲದ ಪುಟಗಳನ್ನು ಒದಗಿಸುವ ಅಪಾಚೆಗೆ ಸೆಂಟ್‌ಓಎಸ್‌ನಲ್ಲಿ 48ನೆಯ ಸಂಖ್ಯೆ, ಡೆಬಿಯನ್ನಿನಲ್ಲಿ 33. ಆದುದರಿಂದ ಹಳೆಯ ಚಿತ್ರಗಳು ಕಾಣುತ್ತಿದ್ದರೂ ಹೊಸದನ್ನು ಸೇರಿಸಲು ಬರಲಿಲ್ಲ. ಒಡೆತನ ತಿದ್ದಿದ ಮೇಲೆ ಸರಿಯಾಯಿತು.

ಮೂರನೆಯದು ಪ್ರೋಗ್ರಾಮಿನದು. ಹಿಂದಿನ ವಿದ್ಯಾರ್ಥಿಯೊಬ್ಬರು ಬರೆದ ನಮ್ಮ ಪ್ರೋಗ್ರಾಮು ಪಿಎಚ್‌ಪಿ 5.4ರಲ್ಲಿ ನಡೆಯುತ್ತಿತ್ತು, ಡೆಬಿಯನ್ 12ರಲ್ಲಿರುವುದು 8.2. ದತ್ತಾಂಶವನ್ನು ಕೇಳುವ ಹಳೆಯ ಆಜ್ಞೆಗಳನ್ನು ಏಳನೆಯ ಆವೃತ್ತಿಯಲ್ಲಿಯೇ ತೆಗೆದುಹಾಕಿದ್ದರು. ಅವನ್ನು ಒಂದೊಂದಾಗಿ ಬದಲಿಸಲು ನಾಲ್ಕು ದಿನ ಹಿಡಿಯಿತು.

ಕೊನೆಯದೇ ದೊಡ್ಡದು. ಪಟ್ಟಿ ತೆರೆದರೆ ಕನ್ನಡವೇ ಇಲ್ಲ! ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ' ಇದ್ದ ಜಾಗದಲ್ಲಿ ಏನೇನೋ ಯುರೋಪಿನ ಚಿಹ್ನೆಗಳ ಸಾಲು. ಗ್ರಂಥಪಾಲಕರು ಮಾತಾಡದೆ ಕುಳಿತುಬಿಟ್ಟರು. ನನ್ನ ಕೈಕಾಲೂ ತಣ್ಣಗಾಯಿತು. ಕಾರಣ ಇಷ್ಟೇ: ಕಂಪ್ಯೂಟರಿಗೆ ಅಕ್ಷರವೆಂದರೆ ಅಂಕೆ. ಯುಟಿಎಫ್-8 ಪದ್ಧತಿಯಲ್ಲಿ 'ಕ' ಎಂಬುದಕ್ಕೆ 224, 178, 149 ಎಂಬ ಮೂರು ಅಂಕೆಗಳು. ಹಳೆಯ ಯಂತ್ರದಲ್ಲಿ ಕನ್ನಡ ತುಂಬಿದ ಡಬ್ಬದ ಮೇಲೆ 'ಲ್ಯಾಟಿನ್' ಎಂಬ ಚೀಟಿ ಅಂಟಿಸಿದ್ದರು. ಇಡುವವರೂ ತೆಗೆಯುವವರೂ ಚೀಟಿಯನ್ನೇ ನಂಬಿದ್ದರಿಂದ ತಪ್ಪಿಗೆ ತಪ್ಪು ಸೇರಿ ಸರಿಯಾಗಿ ಕಾಣುತ್ತಿತ್ತು. ಹೊಸ ವ್ಯವಸ್ಥೆ ಯುಟಿಎಫ್-8ರಲ್ಲಿ ಕೇಳಿತು. ಆಗ ಪ್ರತಿಯೊಂದು ಅಂಕೆಯನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದೇ ಬಗೆದು ಕೊಟ್ಟಿತು. ಹಳೆಯ ಯಂತ್ರದಿಂದ ದತ್ತಾಂಶವನ್ನು ಲ್ಯಾಟಿನ್ ಎಂದೇ ಹೊರತೆಗೆದು, ಅಂಕೆಗಳನ್ನು ಮುಟ್ಟದೆ, ಚೀಟಿಯನ್ನು ಮಾತ್ರ ಬದಲಿಸಿ ಮತ್ತೆ ತುಂಬಿದೆವು. ಕಾರಂತರು ಮರಳಿ ಕನ್ನಡಕ್ಕೆ ಬಂದರು.

ಪಟ್ಟಿಯಿಂದ ನೂರು ಪುಸ್ತಕ ಆರಿಸಿ, ಕಪಾಟಿನ ಪುಸ್ತಕಗಳೊಂದಿಗೆ ತಾಳೆ ನೋಡಿದ ಬಳಿಕವೇ ಜೂನ್ ತಿಂಗಳ ಒಂದು ಭಾನುವಾರ ಹೊಸ ವ್ಯವಸ್ಥೆಯನ್ನು ಚಾಲನೆಗೆ ತಂದೆವು. ಹಳೆಯ ಡಿಸ್ಕನ್ನು ತೆಗೆದು ಒಂದು ತಿಂಗಳು ಹಾಗೆಯೇ ಇರಿಸಿದೆವು. ಮೊದಲ ಪರೀಕ್ಷೆಯನ್ನು ಆ ಡಿಸ್ಕಿನ ಮೇಲೆಯೇ ಮಾಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಕಾರ್ಯಾಚರಣ ವ್ಯವಸ್ಥೆಗಳು ಬರುತ್ತವೆ, ಹೋಗುತ್ತವೆ. ಡೆಬಿಯನ್ 12ಕ್ಕೂ ಒಂದು ಕೊನೆಯ ದಿನ ಉಂಟು. ಆಗ ನಮ್ಮ ತಮ್ಮತಂಗಿಯರು ಮತ್ತೆ ಒಕ್ಕಲಾಗಬೇಕು. ಅವರಿಗಾಗಿ ನಾವು ಮಾಡಿದುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ಗ್ರಂಥಪಾಲಕರ ಬಳಿ ಇಟ್ಟಿದ್ದೇವೆ. ಪ್ರತಿ ತೆಗೆದಿಟ್ಟರೆ ಸಾಲದು, ಅದನ್ನು ಬೇರೆ ಯಂತ್ರದಲ್ಲಿ ತೆರೆದು ಓದಿ ನೋಡಿದಾಗಲೇ ಅದು ಪ್ರತಿ ಎಂಬುದು ಆ ಪುಸ್ತಕದ ಮೊದಲ ವಾಕ್ಯ.