ಗೇನ್ ಚಿಂತೆ ಬಿಡಿ, ಮೈಕ್ ಜಾಗ ನೋಡಿ

ಮನೆಯಲ್ಲಿ ಹಾಡು ರೆಕಾರ್ಡ್ ಮಾಡಿದವರಿಗೆಲ್ಲ ಇದು ಗೊತ್ತು: ದನಿ ಏರಿದ ಕೂಡಲೇ ‘ಗರ್ರ್’ ಅಂತ ಒಡೆಯುತ್ತೆ. ಇದೇ ಕ್ಲಿಪ್ಪಿಂಗ್. ಒಡೆದ ದನಿಯನ್ನು ಆಮೇಲೆ ಸರಿಮಾಡೋದು ಬಹಳ ಕಷ್ಟ. ಹಾಗಂತ ಗೇನ್ ತೀರಾ ಇಳಿಸಿದರೆ ಮೆಲುದನಿ ಗುಂಯ್ ಅನ್ನೋ ಸದ್ದಿನಲ್ಲಿ ಮುಳುಗಿಹೋಗುತ್ತೆ.

ನಮ್ಮ ಕಡೆಯ ಗೀಗೀ ಪದಕ್ಕೆ ಈ ತಾಪತ್ರಯ ಇನ್ನೂ ಜಾಸ್ತಿ. ಮುಂದೆ ಹಾಡುವವರು ಕಥೆಯನ್ನು ಮೆಲ್ಲಗೆ ಹೇಳುತ್ತಾ ಹೋಗಿ, ಹಿಮ್ಮೇಳ ಒಮ್ಮೆಲೇ ಎತ್ತಿಕೊಳ್ಳುತ್ತೆ. ಜೊತೆಗೆ ಡಪ್ಪು, ತುಂತುಣಿ, ತಾಳ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಾನು ಬಿಡುವಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಖಾನಾಪುರ ಕಡೆ ಹೋಗ್ತೀನಿ, ಹಿರಿಯರ ಹಾಡು ಹಿಡಿದಿಡಲು. ಎಪ್ಪತ್ತು ದಾಟಿದವರು ಹೇಳೋದು ಒಂದೇ ಮಾತು: “ಒಮ್ಮೆ ಹಾಡ್ತೀನಿ ತಮ್ಮಾ, ಮತ್ತ ಮತ್ತ ಅನಬ್ಯಾಡ.” ಎರಡನೇ ಟೇಕ್ ಇಲ್ಲವೇ ಇಲ್ಲ. ಅದಕ್ಕೇ 32 ಬಿಟ್ ಫ್ಲೋಟ್ ಇಂಟರ್‌ಫೇಸ್ ನನಗೆ ಆಸರೆಯಾಗಿದೆ.

ಏನಿದು ಫ್ಲೋಟ್?

24 ಬಿಟ್ ರೆಕಾರ್ಡಿಂಗ್ ಅಂಚು ಇರುವ ಕೊಡ ಇದ್ದಂತೆ. ಲೆಕ್ಕದ ಪ್ರಕಾರ ಅದರ ವ್ಯಾಪ್ತಿ ಸುಮಾರು 144 ಡೆಸಿಬೆಲ್. ಸೊನ್ನೆಯ ಗೆರೆ ದಾಟಿದ್ದೆಲ್ಲ ಕತ್ತರಿಸಿಹೋಗುತ್ತೆ. 32 ಬಿಟ್ ಫ್ಲೋಟ್‌ನಲ್ಲಿ 8 ಬಿಟ್‌ಗಳು ಸಂಖ್ಯೆಯ ಬಿಂದು ಎಲ್ಲಿರಬೇಕು ಅನ್ನೋದನ್ನೇ ಹೇಳುತ್ತವೆ. ಬಿಂದು ಸರಿದಾಡುವುದರಿಂದ ವ್ಯಾಪ್ತಿ 1,500 ಡೆಸಿಬೆಲ್ ಮೀರುತ್ತೆ.

ಆದರೆ ಫೈಲ್ ಮಾತ್ರ ಫ್ಲೋಟ್ ಆದರೆ ಸಾಲದು. ಝೂಮ್ ಯುಎಸಿ-232 ತರಹದ ಫ್ಲೋಟ್ ಸಾಧನಗಳಲ್ಲಿ ಒಂದೇ ದನಿಗೆ ಎರಡು ಕನ್ವರ್ಟರ್‌ಗಳಿರುತ್ತವೆ: ಒಂದು ಮೆಲುದನಿಗೆ, ಇನ್ನೊಂದು ಜೋರುದನಿಗೆ. ಮಾಮೂಲಿ 24 ಬಿಟ್ ಇಂಟರ್‌ಫೇಸ್‌ನಲ್ಲೇ ಒಡೆದ ದನಿಯನ್ನು ಫ್ಲೋಟ್ ಫೈಲ್‌ನಲ್ಲಿ ಉಳಿಸಿದರೆ, ಒಡೆದದ್ದು ಒಡೆದಂತೆಯೇ ಇರುತ್ತೆ.

ಸಾಫ್ಟ್‌ವೇರ್‌ನಲ್ಲಿ ನೋಡಬೇಕಾದದ್ದು

1. ವಿಂಡೋಸ್ ಇದ್ದರೆ ಕಂಪನಿ ಕೊಡುವ ಎಎಸ್‌ಐಒ ಡ್ರೈವರ್ ಹಾಕಿ, ಅದರಲ್ಲಿ ಫ್ಲೋಟ್ ಆಯ್ಕೆ ಆನ್ ಇದೆಯಾ ನೋಡಿ.

2. ರೀಪರ್‌ನಂಥ ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟನ್ನು ವೇವ್, ‘32 ಬಿಟ್ ಎಫ್‌ಪಿ’ ಅಂತ ಇಡಿ. ಇಲ್ಲಿ 24 ಅಂತಿದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

3. ಮೀಟರ್ ಕೆಂಪಾದರೆ ಹಾಡು ನಿಲ್ಲಿಸಬೇಡಿ. ಮುಗಿದ ಮೇಲೆ ಕ್ಲಿಪ್‌ನ ವಾಲ್ಯೂಮ್ ಇಳಿಸಿ, ಅಲೆಯ ತುದಿ ಮತ್ತೆ ಕಾಣುತ್ತೆ.

4. 16 ಅಥವಾ 24 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡುವ ಮುನ್ನ ತುದಿಗಳನ್ನು ಸೊನ್ನೆಗಿಂತ ಕೆಳಗೆ ತನ್ನಿ. ಮರೆತರೆ ಕ್ಲಿಪ್ಪಿಂಗ್ ಈ ಹಂತದಲ್ಲಿ ಆಗುತ್ತೆ. ಮೂಲ ಫ್ಲೋಟ್ ಫೈಲ್ ಅಳಿಸಬೇಡಿ.

5. 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 1.38 ಜಿಬಿ ಬೇಕು. 24 ಬಿಟ್‌ಗಾದರೆ 1.04 ಜಿಬಿ. ಡಿಸ್ಕ್‌ನಲ್ಲಿ ಜಾಗ ಮೊದಲೇ ನೋಡಿಕೊಳ್ಳಿ.

ಫ್ಲೋಟ್‌ನಿಂದ ಆಗದ ಕೆಲಸ

ಡಪ್ಪಿನ ಪಕ್ಕದಲ್ಲೇ ಮೈಕ್ ಇಟ್ಟು, ಮೈಕೇ ತಾಳದಷ್ಟು ಸದ್ದಾದರೆ ದನಿ ಇಂಟರ್‌ಫೇಸ್ ತಲುಪುವ ಮೊದಲೇ ಕೆಡುತ್ತೆ. ಖಾನಾಪುರದ ಮಳೆಗಾಲ ಕೇಳಬೇಕೇ? ಹಂಚಿನ ಮೇಲಿನ ಸುರಿತವನ್ನು ಯಾವ ಬಿಟ್ಟೂ ತೆಗೆಯೋದಿಲ್ಲ. ಅದಕ್ಕೇ ನಾನು ಒಳಕೋಣೆ ಹುಡುಕ್ತೀನಿ, ಫ್ಯಾನ್ ಆರಿಸ್ತೀನಿ, ಗೋಡೆಗೆ ಕೌದಿ ತೂಗುಹಾಕ್ತೀನಿ. ಮೈಕನ್ನು ಹಾಡುವವರ ಬಾಯಿಂದ ಒಂದೂವರೆ ಗೇಣು ದೂರ, ಡಪ್ಪಿನ ಕಡೆ ಬೆನ್ನು ಮಾಡಿ ಇಡ್ತೀನಿ.

ಎಲ್ಲರೂ ಹೊಸದು ಕೊಳ್ಳಲೇಬೇಕಾ? ಬೇಕಿಲ್ಲ. ಕೋಣೆಯಲ್ಲಿ ಒಬ್ಬರೇ ಪಾಡ್‌ಕಾಸ್ಟ್ ಮಾಡ್ತಿದ್ದರೆ, ತುದಿಗಳು ಮೈನಸ್ 12 ಡೆಸಿಬೆಲ್ ಸುತ್ತ ಇರುವಂತೆ ಗೇನ್ ಇಟ್ಟರೆ 24 ಬಿಟ್ ಧಾರಾಳ ಸಾಕು. ದನಿ ಎಷ್ಟು ಏರುತ್ತೋ ಗೊತ್ತಿಲ್ಲ, ಎರಡನೇ ಸಲ ಹಾಡಿಸೋಕೂ ಆಗೋದಿಲ್ಲ ಅನ್ನೋ ಕಡೆ ಮಾತ್ರ ಫ್ಲೋಟ್‌ಗೆ ದುಡ್ಡು ಹಾಕಿ.

ಇನ್ನೊಂದು ಮಾತು. ರೆಕಾರ್ಡ್ ಒತ್ತುವ ಮೊದಲು ಅನುಮತಿ ಕೇಳಿ; ಒತ್ತಿದ ಮೇಲೆ ಹಾಡುವವರ ಬಾಯಿಂದಲೇ ಹೆಸರು, ಊರು, ಹಾಡು ಯಾರಿಂದ ಕಲಿತದ್ದು ಅಂತ ಹೇಳಿಸಿ. ಮುಂದೆ ಮೊಮ್ಮಕ್ಕಳು ಕೇಳುವಾಗ ಹಾಡಿನಷ್ಟೇ ಬೆಲೆ ಆ ಅರ್ಧ ನಿಮಿಷಕ್ಕೂ ಇರುತ್ತೆ.