ಮರದ ಕೆತ್ತನೆಗೆ ಬಣ್ಣ: ಉಳಿಯ ಗುರುತು ಉಳಿಯಲಿ

ಊರನ್ನು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲಸಿದ ನಮ್ಮವರ ಮನೆಗಳಲ್ಲಿ ಮರದ ಕೆತ್ತನೆಯ ಒಂದಾದರೂ ವಸ್ತು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಗಣಪತಿಯ ಮೂರ್ತಿಯೋ, ಜೋಡಿ ಗಿಳಿಗಳೋ, ದೇವರ ಮಂಟಪದ ಬಳ್ಳಿಯ ಪಟ್ಟಿಯೋ ಇರಬಹುದು. ಹಬ್ಬ ಸಮೀಪಿಸಿತೆಂದರೆ ಇವುಗಳಿಗೆ ಹೊಸ ಕಳೆ ತರಬೇಕೆಂಬ ಉತ್ಸಾಹ ಹುಟ್ಟುತ್ತದೆ. ಅಂಗಡಿಯಿಂದ ಎನಾಮಲ್ ಬಣ್ಣದ ಡಬ್ಬಿ ಬರುತ್ತದೆ. ಸೊಂಡಿಲಿನ ಸುಕ್ಕುಗಳೂ ಗಿಳಿಯ ಗರಿಗಳೂ ಹೊಳೆಯುವ ಪೊರೆಯೊಂದರ ಕೆಳಗೆ ಹೂತುಹೋಗುತ್ತವೆ. ಕೆತ್ತಿದವನು ದಿನಗಟ್ಟಲೆ ಕುಳಿತು ಉಳಿಯಿಂದ ಬಿಡಿಸಿದುದನ್ನು ಕುಂಚವು ಒಂದು ಮಧ್ಯಾಹ್ನದಲ್ಲಿ ಅಳಿಸಿಬಿಡುತ್ತದೆ.

ಬಣ್ಣವನ್ನೇ ಹಚ್ಚಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಮರಕ್ಕೆ ಬಣ್ಣವಿಡುವುದು ನಮ್ಮ ನಾಡಿನ ಹಳೆಯ ವಿದ್ಯೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಸಾಂಪ್ರದಾಯಿಕ ಪದ್ಧತಿಯಲ್ಲಿ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಇವುಗಳಿಂದಾದ ಕಿಟ್ಟವನ್ನು ಮೆತ್ತಿ, ಅರಿವೆಯ ತುಂಡುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪದಿಂದ ಹಾಸನ್ನು ಸಿದ್ಧಗೊಳಿಸಿದ ಮೇಲೆಯೇ ದಟ್ಟವಾದ ಬಣ್ಣವನ್ನು ಕೊಡುತ್ತಾರೆ. ಅಲ್ಲಿ ಮರವು ಒಡಲು ಮಾತ್ರ; ರೂಪವು ಪೂರ್ಣಗೊಳ್ಳುವುದು ಬಣ್ಣದಿಂದ. ಆದರೆ ಶಿವನೆಯಂತಹ ತಿಳಿಬಣ್ಣದ ಮರದಲ್ಲಿ, ಉಳಿಯ ಒಂದೊಂದು ಕಡಿತವೂ ಕಾಣುವಂತೆ ಬಿಟ್ಟಿರುವ ಕೆತ್ತನೆಯ ಮಾತು ಬೇರೆ. ಅದಕ್ಕೆ ಬೇಕಾದುದು ಮರವನ್ನು ಮುಚ್ಚುವ ಬಣ್ಣವಲ್ಲ, ಮರದೊಳಗೆ ಇಳಿಯುವ ಬಣ್ಣ. ಕುಂಚವನ್ನು ಕೈಗೆತ್ತಿಕೊಳ್ಳುವ ಮುನ್ನ ಈ ಭೇದವನ್ನು ಅರಿಯುವುದು ಅಗತ್ಯ.

1950ರ ದಶಕದ ಮಧ್ಯದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವು ಈ ಕೆಲಸಕ್ಕೆ ಬಹಳ ಅನುಕೂಲವಾದುದು. ನೀರು ಆರಿದೊಡನೆ ಅದರೊಳಗಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮತ್ತೆ ನೀರು ಸೋಕಿದರೆ ಕರಗುವುದಿಲ್ಲ. ಆದುದರಿಂದ ಒಂದು ತೆಳುಲೇಪದ ಮೇಲೆ ಮತ್ತೊಂದನ್ನು ನಿರ್ಭಯವಾಗಿ ಕೊಡಬಹುದು. ಆರಿದ ಮೇಲೆ ತೆಗೆಯುವುದು ಕಷ್ಟವಾದುದರಿಂದ, ಮೊದಲ ಲೇಪವು ಸಾಲದೆನಿಸುವಷ್ಟು ತೆಳುವಾಗಿದ್ದರೇ ಕ್ಷೇಮ.

ಮೊದಲು ಮೂರ್ತಿಯನ್ನು ಮೆದು ಕುಂಚದಿಂದಲೂ ತುಸು ಸಾಬೂನು ನೀರಿನಿಂದಲೂ ಶುಚಿಮಾಡಿ ಚೆನ್ನಾಗಿ ಒಣಗಿಸಬೇಕು. ಕೈಯ ಜಿಡ್ಡು ಉಳಿದಲ್ಲಿ ಬಣ್ಣ ಹಿಡಿಯುವುದಿಲ್ಲ. ಬಣ್ಣವನ್ನು ನೀರಿನಲ್ಲಿ ಕದಡಿ ವೃತ್ತಪತ್ರಿಕೆಯ ಮೇಲೆ ಒಮ್ಮೆ ಎಳೆದು ನೋಡಬೇಕು. ಕೆಳಗಿನ ಅಕ್ಷರಗಳನ್ನು ಸಲೀಸಾಗಿ ಓದುವಂತಿದ್ದರೆ ಹದ ಸರಿಯಾಯಿತು. ನೀರು ಅತಿಯಾದರೆ ಬಣ್ಣದ ಹಿಡಿತ ಸಡಿಲವಾಗುವುದರಿಂದ, ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಮೀಡಿಯಮ್ಮನ್ನು ಸ್ವಲ್ಪ ಬೆರಸುವುದು ಒಳಿತು.

ಮರದ ನಾರು ಅಡ್ಡಲಾಗಿ ಕಡಿದುಹೋದ ಕಡೆಗಳಲ್ಲಿ, ಎಂದರೆ ಮೂಗಿನ ತುದಿ, ಮಡಿಕೆಯ ಅಂಚು ಮುಂತಾದೆಡೆ, ಮರವು ಬಣ್ಣವನ್ನು ಹೆಚ್ಚಾಗಿ ಹೀರಿ ಕಪ್ಪಿಡುತ್ತದೆ. ಬಣ್ಣಕ್ಕೆ ಮುಂಚೆ ಅಲ್ಲಿ ಬರಿಯ ನೀರನ್ನು ಸವರಿದರೆ ಈ ದೋಷ ತಗ್ಗುತ್ತದೆ. ಪಕ್ಕಪಕ್ಕದ ಬಣ್ಣಗಳು ನಾರಿನ ಗುಂಟ ಹರಿದು ಕಲೆಯದಂತೆ, ಒಂದು ಆರಿದ ಮೇಲೆ ಇನ್ನೊಂದನ್ನು ಇಡಬೇಕು. ಉಳಿ ಕೊರೆದ ಆಳವಾದ ಗೆರೆಯು ಗದ್ದೆಯ ಬದುವಿನಂತೆ ಬಣ್ಣವನ್ನು ತಡೆದು ನಿಲ್ಲಿಸುತ್ತದೆ. ಕೊನೆಯ ಲೇಪವು ಹಸಿಯಾಗಿರುವಾಗಲೇ ಉಬ್ಬಿದ ಭಾಗಗಳನ್ನು ಒದ್ದೆಬಟ್ಟೆಯಿಂದ ಒರಸಿದರೆ ನೆರಳು ತಗ್ಗುಗಳಲ್ಲಿ ನಿಂತು, ಕೆತ್ತನೆಯು ತಾನಾಗಿ ಎದ್ದು ಕಾಣುತ್ತದೆ.

ಬಣ್ಣ ಪೂರ್ತಿ ಆರಿದ ಮೇಲೆ ರಕ್ಷಣೆಯ ಲೇಪ. ಮಳೆಗಾಲದ ಮುಂಬಯಿಯಲ್ಲಿ ಇದಕ್ಕೆ ಆತುರ ಕೂಡದು. ಹೊಳಪಿಲ್ಲದ ವಾರ್ನಿಷ್ ಆದರೆ ಲೇಸು. ಅತಿಯಾದ ಮಿನುಗು ಉಳಿಯ ಗುರುತುಗಳನ್ನು ಕಾಣಗೊಡದು. ಮರಕೆತ್ತನೆಯವರಲ್ಲಿ ಕೆಲವರು ಕುದಿಸಿದ ಅಗಸೆ ಎಣ್ಣೆಯನ್ನು ಸವರಿ ಒರಸುವುದುಂಟು. ಅದರಿಂದ ಬಣ್ಣಕ್ಕೆ ಆಳ ಬರುವುದು ನಿಜವಾದರೂ ಬಿಳಿಯೂ ನೀಲಿಯೂ ತುಸು ಹಳದಿಗೆ ತಿರುಗುತ್ತವೆ. ಇಲ್ಲೊಂದು ಎಚ್ಚರಿಕೆಯನ್ನು ವಾಚಕರು ಮರೆಯಬಾರದು. ಈ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ಗಾಳಿಯ ಆಮ್ಲಜನಕದೊಡನೆ ಸೇರಿ ತಾನಾಗಿ ಕಾಯ್ದು ಬೆಂಕಿ ಹೊತ್ತಿಕೊಳ್ಳಬಲ್ಲದು. ಒಂದೇ ಕೋಣೆಯ ಬಿಡಾರಗಳಲ್ಲಿ ಇದು ಸಾಮಾನ್ಯ ಅಪಾಯವಲ್ಲ. ಅಂತಹ ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಇಷ್ಟೆಲ್ಲ ಹೇಳಿದುದು ಹೊಸ ಕೆತ್ತನೆಯನ್ನು ಕುರಿತು. ಅಜ್ಜನ ಕಾಲದ ಮೂರ್ತಿಗೂ ಹಳೆಯ ಬಾಗಿಲವಾಡಕ್ಕೂ ಈ ಉಪಚಾರ ಸಲ್ಲದು. ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನಮ್ಮ ಕರಾವಳಿಯ ಭೂತಗಳ ಭಾರಿ ಮರದ ಪ್ರತಿಮೆಗಳಿವೆ. ಅಲ್ಲಿಯ ಕನ್ನಡಿಗರು ಒಮ್ಮೆ ಹೋಗಿ ನೋಡಬೇಕು. ಅಂತಹ ಮರದ ಮೈಮೇಲೆ ಹೊಸ ಬಣ್ಣ ಬಳಿದರೆ ಕಾಲವು ಬರೆದುದನ್ನು ಅಳಿಸಿದಂತಾದೀತಲ್ಲವೆ? ನಮ್ಮ ಮನೆಯ ಹಳೆಯ ವಸ್ತುವಿಗೂ ಇದೇ ನ್ಯಾಯ. ಅದರ ಧೂಳನ್ನು ಒಣಕುಂಚದಿಂದ ಕೊಡವಿದರೆ ಸಾಕು. ಹೆಚ್ಚಿನದು ಬೇಕಾದಲ್ಲಿ ಸಂರಕ್ಷಣೆಯನ್ನು ಬಲ್ಲವರನ್ನು ಕೇಳಬೇಕು. ಊರಿನಿಂದ ಹೊಸದನ್ನು ತರಿಸುವಾಗ ಮಾತ್ರ, ಮಿನುಗುವುದನ್ನೇ ಆರಿಸದೆ, ಬಣ್ಣವಿಲ್ಲದ ಒಳ್ಳೆಯ ಕೆತ್ತನೆಯೊಂದನ್ನು ಕೇಳಿ ನೋಡೋಣ. ಕೈಕೆಲಸವನ್ನು ಗುರುತಿಸಿ ಬೆಲೆ ಕೊಡುವ ಗಿರಾಕಿಯಿದ್ದರೆ, ಆ ಕೈಗೆ ಉಳಿ ಹಿಡಿಯುವ ಹುರುಪೂ ಇರುತ್ತದೆ.